ರೆವಿಟ್ ನಿಧಾನ: ಹೊಸ ಸಿಸ್ಟಮ್ ಬೇಕಾ, ಮಾಡೆಲ್ ಹಗುರ ಮಾಡಬೇಕಾ?

"ಸಿಂಕ್ ಹಾಕಿದ್ದೀನಿ, ಯಾರೂ ಹಾಕ್ಬೇಡಿ!" ಕಟ್ಟಡ ವಿನ್ಯಾಸದ ಸಾಫ್ಟ್‌ವೇರ್ ರೆವಿಟ್ ಬಳಸುವ ನಮ್ಮ ಆಫೀಸಿನಲ್ಲಿ ಈ ಮಾತು ಕೇಳದ ದಿನವಿಲ್ಲ. ಸಿಂಕ್ ಅಂದರೆ ತಾನು ಮಾಡಿದ ಬದಲಾವಣೆಯನ್ನು ಎಲ್ಲರೂ ಹಂಚಿಕೊಂಡ ಫೈಲಿಗೆ ಸೇರಿಸುವುದು. ಒಬ್ಬರ ಸಿಂಕ್ ಮುಗಿಯುವ ತನಕ ಉಳಿದ ನಾಲ್ವರು ಕಾಯಬೇಕು. ಆಸ್ಪತ್ರೆಯೊಂದರ 3ಡಿ ಮಾಡೆಲ್, ಫೈಲ್ 480 ಎಂಬಿ. ಸಬ್ಮಿಷನ್ ಹತ್ತಿರ ಬಂದಾಗ ಈ ಕಾಯುವಿಕೆ ಹೊಟ್ಟೆ ಉರಿಸುತ್ತದೆ. ಅದಕ್ಕೇ ಅದೇ ಫೈಲ್ ಇಟ್ಟುಕೊಂಡು, ಒಂದೊಂದನ್ನೇ ಬದಲಿಸಿ ನೋಡಿದೆ.

ಮೊದಲು ಸಿಸ್ಟಮ್. ಕೋರ್ ಅಂದರೆ ಪ್ರೊಸೆಸರ್ ಒಳಗೆ ಲೆಕ್ಕ ಮಾಡುವ ಘಟಕ, ಕ್ಲಾಕ್ ಸ್ಪೀಡ್ ಅಂದರೆ ಅದು ಓಡುವ ವೇಗ. ಒಂದು 16 ಕೋರ್‌ನ ದುಬಾರಿ ವರ್ಕ್‌ಸ್ಟೇಷನ್. ಇನ್ನೊಂದು 8 ಕೋರ್‌ನ ಸಾಮಾನ್ಯ ಡೆಸ್ಕ್‌ಟಾಪ್, ಆದರೆ ಕ್ಲಾಕ್ ಸ್ಪೀಡ್ ಜಾಸ್ತಿ. ದಿನದ ಕೆಲಸದಲ್ಲಿ ಡೆಸ್ಕ್‌ಟಾಪೇ ಮುಂದಿತ್ತು. ಒಂದು ಗೋಡೆ ಸರಿಸಿದರೆ ಅದರ ಬಾಗಿಲು, ರೂಮು, ಶೆಡ್ಯೂಲ್ (ಅಳತೆ-ಸಂಖ್ಯೆಗಳ ಪಟ್ಟಿ) ಎಲ್ಲವೂ ಒಂದರ ಹಿಂದೆ ಒಂದು ಬದಲಾಗಬೇಕು. ಇದನ್ನು ಹತ್ತಾರು ಕೋರ್‌ಗೆ ಹಂಚುವುದು ಕಷ್ಟ. ಹಾಗಾಗಿ ರೆವಿಟ್ ಹೆಚ್ಚಿನ ಹೊತ್ತು ಒಂದೇ ಕೋರ್ ಮೇಲೆ ಓಡುತ್ತದೆ. 16 ಕೋರ್ ಗೆದ್ದದ್ದು ರೆಂಡರಿಂಗ್‌ನಲ್ಲಿ ಮಾತ್ರ. ಫೋಟೋದಂಥ ಚಿತ್ರ ತಯಾರಿಸುವ ಆ ಕೆಲಸದಲ್ಲಿ ಭಾರಿ ಅಂತರದಲ್ಲೇ ಗೆದ್ದಿತು.

ರ‍್ಯಾಮ್ ವಿಷಯಕ್ಕೆ ಬಂದರೆ, ಫೈಲ್ ಗಾತ್ರದ 20 ಪಟ್ಟು ಬೇಕು ಅನ್ನೋದು ರೆವಿಟ್ ತಯಾರಿಸುವ ಆಟೋಡೆಸ್ಕ್‌ನವರದೇ ಅಂದಾಜು. ನಮ್ಮ ಫೈಲಿಗೆ 10 ಜಿಬಿ ಹತ್ತಿರ. ಜೊತೆಗೆ ಸ್ಟ್ರಕ್ಚರ್, ಎಂಇಪಿ (ಎಸಿ, ವಿದ್ಯುತ್, ಪ್ಲಂಬಿಂಗ್) ಲಿಂಕ್‌ಗಳು, ಬ್ರೌಸರ್ ಬೇರೆ. 16 ಜಿಬಿ ಸಾಲುತ್ತಿರಲಿಲ್ಲ. 32 ಹಾಕಿದ ಮೇಲೆ ಹ್ಯಾಂಗ್ ಆಗೋದು ನಿಂತಿತು. 64ಕ್ಕೆ ಏರಿಸಿದರೆ ಏನೂ ಫರಕ್ ಕಾಣಲಿಲ್ಲ. ಒಳ್ಳೆ ಗ್ರಾಫಿಕ್ಸ್ ಕಾರ್ಡಿನಿಂದ 3ಡಿ ತಿರುಗಿಸುವುದು ನಯವಾಯಿತು, ಅಷ್ಟೇ. ವೈಫೈ ಬಿಟ್ಟು ಕೇಬಲ್ ಹಾಕಿದ್ದಕ್ಕೆ ಮಾತ್ರ ಸಿಂಕ್ ಸಮಯ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು!

ಇನ್ನು ಮಾಡೆಲ್. ನಿಜವಾದ ಹೊರೆ ಇಲ್ಲಿತ್ತು. ಗ್ರೌಂಡ್ ಫ್ಲೋರ್ ಪ್ಲಾನ್‌ನಲ್ಲಿ ಝಡ್ ಇ ಒತ್ತಿದೆ; ಇದು ಇರುವುದೆಲ್ಲವನ್ನೂ ಪರದೆಯೊಳಗೆ ಹೊಂದಿಸಿ ತೋರಿಸುವ ಶಾರ್ಟ್‌ಕಟ್. ಇಡೀ ಆಸ್ಪತ್ರೆ ಒಂದು ಚುಕ್ಕಿಯಷ್ಟಾಯಿತು. ಹುಡುಕಿದರೆ, ಸುಮಾರು 40 ಕಿಲೋಮೀಟರ್ ಆಚೆ ಒಂದು ಪುಟ್ಟ ಗೆರೆ. ಸೈಟ್ ಇರುವುದು ಯಲಹಂಕದಲ್ಲಿ, ಗೆರೆ ದೊಡ್ಡಬಳ್ಳಾಪುರ ದಾಟಿ ಎಲ್ಲೋ ಬಿದ್ದ ಲೆಕ್ಕ. ಸರ್ವೆಯ ಆಟೋಕ್ಯಾಡ್ ಡ್ರಾಯಿಂಗನ್ನು ಯಾರೋ ಇಂಪೋರ್ಟ್ ಮಾಡಿ, ಎಕ್ಸ್‌ಪ್ಲೋಡ್ ಮಾಡಿಬಿಟ್ಟಿದ್ದರು, ಅಂದರೆ ಬಿಡಿಬಿಡಿ ಗೆರೆಗಳಾಗಿ ಒಡೆದಿದ್ದರು. ಲೈನ್ ಪ್ಯಾಟರ್ನ್ ಪಟ್ಟಿಯಲ್ಲಿ 'ಇಂಪೋರ್ಟ್' ಅಂತ ಶುರುವಾಗುವ ಹೆಸರುಗಳು ಸಾಲುಸಾಲಾಗಿ ನಿಂತಿದ್ದವು. ಗಡಿಬಿಡಿಯಲ್ಲಿ ಹೀಗೆ ಮಾಡ್ತಾರೆ, ಅರ್ಥವಾಗುತ್ತೆ. ಆದರೆ ಅದರ ಭಾರವನ್ನು ಇಡೀ ಟೀಮ್ ತಿಂಗಳುಗಟ್ಟಲೆ ಹೊರುತ್ತೆ, ಅಲ್ವಾ?

ಡ್ರಾಯಿಂಗನ್ನು ಆಟೋಕ್ಯಾಡ್‌ನಲ್ಲೇ ಶುಚಿ ಮಾಡಿ, ಆ ದೂರದ ಗೆರೆ ಅಳಿಸಿ, ಇಂಪೋರ್ಟ್ ಬದಲು ಲಿಂಕ್ ಮಾಡಿದೆ, ಅಂದರೆ ಮಾಡೆಲ್ ಒಳಗೆ ಸೇರಿಸದೆ ಹೊರಗಿನ ಫೈಲಾಗಿಯೇ ಜೋಡಿಸಿದೆ. ನಮ್ಮ ಹಳೆ ವರ್ಷನ್‌ನಲ್ಲಿ ಪರ್ಜ್ (ಬಳಸದ್ದನ್ನು ಅಳಿಸುವ ಆಜ್ಞೆ) ಒಂದು ಸಲ ಸಾಲದು, ಮೂರು ಸಲ ಒತ್ತಿದೆ. ಒಂದು ಸುತ್ತಿನಲ್ಲಿ ಫ್ಯಾಮಿಲಿ (ಬಾಗಿಲು, ಕಿಟಕಿಯಂಥ ಸಿದ್ಧ ವಸ್ತು) ಹೋದರೆ, ಅದು ಹಿಡಿದುಕೊಂಡಿದ್ದ ಮೆಟೀರಿಯಲ್ ಮುಂದಿನ ಸುತ್ತಿನಲ್ಲಿ ಹೋಗುತ್ತದೆ. ಆಮೇಲೆ ಕಾಂಪ್ಯಾಕ್ಟ್ ಆಯ್ಕೆಯಿಂದ ಫೈಲ್ ಕುಗ್ಗಿಸಿ ಸೇವ್ ಮಾಡಿದೆ. 480 ಇದ್ದದ್ದು 310 ಎಂಬಿಗೆ ಇಳಿಯಿತು. ಬೇಡದ ವರ್ಕ್‌ಸೆಟ್ (ಮಾಡೆಲ್‌ನ ವಿಭಾಗ) ಮುಚ್ಚಿಟ್ಟು ತೆರೆಯುವುದನ್ನೂ ಎಲ್ಲರೂ ರೂಢಿಸಿಕೊಂಡೆವು. ಮೊದಲು ಆರು ನಿಮಿಷ ಹಿಡಿಯುತ್ತಿದ್ದ ಫೈಲ್ ಈಗ ಎರಡೂವರೆ ನಿಮಿಷಕ್ಕೆ ತೆರೆಯುತ್ತದೆ.

ದುಡ್ಡು ಹಾಕಲೇಬೇಕು ಅಂದರೆ ಕ್ಲಾಕ್ ಸ್ಪೀಡ್‌ಗೆ ಹಾಕಿ, ಕೋರ್ ಸಂಖ್ಯೆಗಲ್ಲ. ಆದರೆ ಅದಕ್ಕೂ ಮೊದಲು ನಿಮ್ಮ ಪ್ಲಾನ್‌ನಲ್ಲಿ ಒಮ್ಮೆ ಝಡ್ ಇ ಒತ್ತಿ ನೋಡಿ.