ಗೊಬ್ಬರ ಹರಡುವ ಯಂತ್ರಕ್ಕೆ ಪಕ್ಕದ ಹಲಗೆ: ಮೂರು ಬೇಸಿಗೆ ಬಳಸಿದ ಮೇಲೆ

ಕುಂದಗೋಳ ತಾಲ್ಲೂಕಿನ ನಮ್ಮ ಎರೆ ಹೊಲಗಳಿಗೆ ತಿಪ್ಪೆಗೊಬ್ಬರ ಹಾಕುವ ಕೆಲಸ ರೋಹಿಣಿ ಮಳೆಗೆ ಮೊದಲೇ ಮುಗಿಯಬೇಕು. ಎರೆ ಒಮ್ಮೆ ನೆನೆಯಿತೆಂದರೆ ತುಂಬಿದ ಟ್ರೇಲರ್ ಹೊಲದೊಳಗೆ ಕಾಲಿಡುವಂತಿಲ್ಲ. ತಿಪ್ಪೆಯಿಂದ ಹೊಲಕ್ಕೆ ಒಂದೂವರೆ ಕಿಲೋಮೀಟರ್. ಐದು ಎಕರೆಗೆ ಇಪ್ಪತ್ತು ಟನ್ ಹಾಕಲು ಹತ್ತು ಸುತ್ತು ಹೊಡೆಯಬೇಕಾಗುತ್ತಿತ್ತು. ಸುತ್ತು ಕಡಿಮೆಯಾಗಲೆಂದು ಯಂತ್ರದ ತೊಟ್ಟಿಗೆ ಪಕ್ಕದ ಹಲಗೆ ಏರಿಸಿದೆ. ಚಕ್ಕಡಿಗೆ ತೊಗರಿ ಕಟ್ಟಿಗೆಯ ತಟ್ಟಿ ಕಟ್ಟಿ ಗೊಬ್ಬರ ಹೇರಿದ ಮನೆತನ ನಮ್ಮದು. ಇದೂ ಅದೇ ಲೆಕ್ಕ ಎಂದುಕೊಂಡಿದ್ದೆ. ಆದರೆ ಚಕ್ಕಡಿ ಗೊಬ್ಬರವನ್ನು ಹೊತ್ತರೆ ಸಾಕು. ಈ ಯಂತ್ರ ಹೊತ್ತದ್ದನ್ನು ಹಿಂದಕ್ಕೆ ಎಳೆದು, ಪುಡಿ ಮಾಡಿ, ಎಸೆಯಲೂಬೇಕು.

ನನ್ನ ತೊಟ್ಟಿ ಹತ್ತಡಿ ಉದ್ದ, ಐದಡಿ ಅಗಲ, ಎರಡಡಿ ಎತ್ತರ. ಹೊರುವ ಮಿತಿ ಮೂರು ಟನ್. ಮೊದಲ ವರ್ಷ ಒಂದೂವರೆ ಅಡಿ ತಗಡು ಏರಿಸಿದೆ. ಕಳಿತ ಗೊಬ್ಬರ ಘನ ಮೀಟರಿಗೆ 700ರಿಂದ 800 ಕೆ.ಜಿ. ತೂಗುತ್ತದೆ. ಒಂದೂವರೆ ಅಡಿ ಎಂದರೆ ಎರಡು ಘನ ಮೀಟರ್, ಅಂದರೆ ಹದಿನೈದು ಕ್ವಿಂಟಲ್ ಹೆಚ್ಚುವರಿ ಭಾರ. ಒಟ್ಟು ಮೂರೂವರೆ ಟನ್ ದಾಟಿತು. ಭಾರ ಮಿತಿಮೀರಿದರೆ ತಾನೇ ಮುರಿದು ಯಂತ್ರವನ್ನು ಉಳಿಸುವ ಶಿಯರ್ ಬೋಲ್ಟ್ ಪದೇ ಪದೇ ತುಂಡಾಯಿತು. ಗೊಬ್ಬರವನ್ನು ಹಿಂದಕ್ಕೆ ಎಳೆಯುವ ತಳದ ಸರಪಳಿ ನಡುಹೊಲದಲ್ಲಿ ಕಡಿದ ದಿನ ಅಷ್ಟೂ ಗೊಬ್ಬರವನ್ನು ಸಲಿಕೆಯಿಂದ ಇಳಿಸಿದೆವು.

ಅದಕ್ಕಿಂತ ದೊಡ್ಡ ನಷ್ಟ ಆಗಸ್ಟಿನಲ್ಲಿ ಕಣ್ಣಿಗೆ ಬಿತ್ತು. ಗೊಬ್ಬರ ಪುಡಿ ಮಾಡಿ ಎಸೆಯುವ ಹಲ್ಲಿನ ಉರುಳೆಗಳಲ್ಲಿ, ಅಂದರೆ ಹಿಂಬದಿಯ ರೋಟರುಗಳಲ್ಲಿ, ಮೇಲಿನದರ ತುದಿ ತೊಟ್ಟಿಯ ಮೂಲ ಅಂಚಿಗಿಂತ ಒಂಬತ್ತು ಇಂಚು ಮಾತ್ರ ಎತ್ತರವಿದೆ. ಅದಕ್ಕಿಂತ ಮೇಲಿದ್ದ ಗೊಬ್ಬರ ಹಲ್ಲಿಗೆ ಸಿಗದೆ ಹೆಂಟೆಯಾಗಿಯೇ ಉರುಳಿತ್ತು. ಹೆಂಟೆ ಬಿದ್ದಲ್ಲಿ ಗೋವಿನಜೋಳ ಕಡುಹಸಿರಾಗಿ ಆಳೆತ್ತರ ನಿಂತಿದ್ದರೆ, ಎರಡೇ ಸಾಲು ಆಚೆ ಎಲೆಗಳು ತುದಿಯಿಂದ ಹಳದಿಯಾಗುತ್ತಿದ್ದವು. ಹೊಲ ಕಂಬಳಿಗೆ ತೇಪೆ ಹಾಕಿದಂತೆ ಕಾಣುತ್ತಿತ್ತು. ನನಗೆ ನಿಜಕ್ಕೂ ಸಂಕಟವಾಯಿತು.

ಎರಡನೆಯ ವರ್ಷ ತಗಡನ್ನು ಒಂಬತ್ತು ಇಂಚಿಗೆ ಕತ್ತರಿಸಿ, ಆಂಗಲ್ ಪಟ್ಟಿ ಕೊಟ್ಟು, ಪಿನ್ ಹಾಕಿ ಕಳಚುವಂತೆ ಮಾಡಿಸಿದೆ. ಈಗ ಭಾರ ಮೂರು ಟನ್ನಿನೊಳಗೇ ನಿಲ್ಲುತ್ತದೆ. ಹತ್ತರ ಬದಲು ಏಳೇ ಸುತ್ತು. ಅಂದಿನಿಂದ ಸರಪಳಿ ಒಮ್ಮೆಯೂ ಕಡಿದಿಲ್ಲ. ಮುಂಭಾಗಕ್ಕೆ ತಗಡಿನ ಬದಲು ಜಾಲರಿ ಹಾಕಿಸಿ. ಸೀಟಿನಿಂದ ತಿರುಗಿ ನೋಡಿದರೆ ಗೊಬ್ಬರ ಎಲ್ಲಿ ಸಿಕ್ಕಿಕೊಂಡಿದೆ ಎಂಬುದು ಕಾಣಬೇಕು.

ಒಂದು ಮಾತನ್ನು ಯಾರೂ ನನಗೆ ಹೇಳಿರಲಿಲ್ಲ. ನಮ್ಮಲ್ಲಿ ಗೊಬ್ಬರ ತುಂಬುವವರು ಹೆಚ್ಚಾಗಿ ಹೆಣ್ಣಾಳುಗಳು. ಅಂಚು ಒಂಬತ್ತು ಇಂಚು ಏರಿದರೆ ಪ್ರತಿ ಬುಟ್ಟಿಯನ್ನೂ ತಲೆಯ ಮೇಲಕ್ಕೆ ಎತ್ತಬೇಕು. ಮಧ್ಯಾಹ್ನದ ಹೊತ್ತಿಗೆ ಅವರ ತೋಳು ನಡುಗುವುದನ್ನು ನೋಡಿ ಎಡಬದಿಯ ಹಲಗೆಗೆ ಬಾಗಿಲಿನ ಕೀಲು ಹಾಕಿಸಿದೆ. ಮೂಲ ಅಂಚಿನವರೆಗೆ ತುಂಬುವಾಗ ಅದು ಮಡಚಿರುತ್ತದೆ; ಆಮೇಲೆ ಎತ್ತಿ ಪಿನ್ ಹಾಕಿ, ಒಬ್ಬರು ಮೇಲೆ ನಿಂತು ಬುಟ್ಟಿ ಈಸಿಕೊಳ್ಳುತ್ತಾರೆ. ಇಡೀ ಕೆಲಸದಲ್ಲಿ ಅತ್ಯಂತ ಸಾರ್ಥಕವಾದ ಖರ್ಚು ಆ ಕೀಲಿನದು.

ಮಳೆಗೆ ನೆನೆದ ಗೊಬ್ಬರವನ್ನೋ ಹಸಿ ಸಗಣಿಯನ್ನೋ ಹೇರುವಾಗ ಹಲಗೆಗಳನ್ನು ಕಳಚಿ ಕೊಟ್ಟಿಗೆಯ ಗೋಡೆಗೆ ಒರಗಿಸುತ್ತೇನೆ. ಆ ದಿನಗಳಲ್ಲಿ ಹತ್ತು ಸುತ್ತೇ ಆಗಲಿ.