‘ಐ7, 16 ಜಿಬಿ, 4 ಜಿಬಿ ಗ್ರಾಫಿಕ್ಸ್’ ಎಂಬ ಅಗ್ಗದ ಗೇಮಿಂಗ್ ಪಿಸಿಗೆ ದುಡ್ಡು ಕಳಿಸುವ ಮುನ್ನ ಇದನ್ನು ಓದಿ

“ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಆರ್‌ಜಿಬಿ ಕ್ಯಾಬಿನೆಟ್, ಮಾನಿಟರ್ ಸಮೇತ 32,000. ಕೊರಿಯರ್ ಉಚಿತ.” ಫೋನಿನಲ್ಲಿ ಇಂಥ ಜಾಹೀರಾತು ನೋಡಿ ಕೊಡಗಿನ ಗೋಣಿಕೊಪ್ಪ ಕಡೆಯ ಒಂದು ಮನೆಯವರು ಕಾಫಿ ಮಾರಿದ ದುಡ್ಡಿನಲ್ಲಿ ಮಗನಿಗೆ ಪಿಸಿ ತರಿಸಿದರು. ದುಡ್ಡು ಪೂರ್ತಿ ಮೊದಲೇ ಯುಪಿಐನಲ್ಲಿ ಹೋಯಿತು. ಪೆಟ್ಟಿಗೆ ಬಂತು, ಬಣ್ಣದ ಫ್ಯಾನುಗಳು ತಿರುಗಿದವು, ವಿಂಡೋಸ್ 11 ತೆರೆಯಿತು, ಯೂಟ್ಯೂಬ್ ಚೆನ್ನಾಗಿಯೇ ಓಡಿತು. ಆಟ ಹಾಕಿದಾಗ ಬಣ್ಣ ಬಯಲಾಯಿತು. ಜಿಟಿಎ 5 ಶುರುವಾಗಿ ಸ್ವಲ್ಪ ಹೊತ್ತಿಗೆ ಪರದೆ ಕಪ್ಪಾಗುತ್ತಿತ್ತು. ವ್ಯಾಲರಂಟ್ ‘ವ್ಯಾನ್ 9001’ ಎಂಬ ಎರರ್ ತೋರಿಸಿ ನಿಂತುಬಿಡುತ್ತಿತ್ತು. ಮಾರಿದವನಿಗೆ ಫೋನ್ ಮಾಡಿದರೆ ಮೊದಲು “ಡ್ರೈವರ್ ಅಪ್‌ಡೇಟ್ ಮಾಡಬೇಡಿ” ಎಂದ, ಆಮೇಲೆ “ನಿಮ್ಮೂರಿನ ಕರೆಂಟ್ ಸರಿಯಿಲ್ಲ” ಎಂದ, ಕೊನೆಗೆ ಫೋನ್ ಎತ್ತುವುದನ್ನೇ ಬಿಟ್ಟ.

ಆ ಎರಡು ಮಾತುಗಳ ಹಿಂದೆ ಏನಿತ್ತು ಎಂಬುದು ಪೆಟ್ಟಿಗೆ ಬಿಚ್ಚಿದಾಗ ಗೊತ್ತಾಯಿತು. ಇದೇ ತರಹದ ಪಿಸಿಗಳು ಇನ್ನೂ ಮಾರಾಟಕ್ಕಿವೆ, ಹಾಗಾಗಿ ಒಂದೊಂದನ್ನೂ ಬಿಡಿಸಿ ಬರೆಯುತ್ತೇವೆ.

ಮೊದಲು ಗ್ರಾಫಿಕ್ಸ್ ಕಾರ್ಡ್, ಏಕೆಂದರೆ ದೊಡ್ಡ ಮೋಸ ಇರುವುದು ಅಲ್ಲಿ. ಕಾರ್ಡಿನ ಮೇಲೆ ‘ಜಿಟಿಎಕ್ಸ್ 1050 ಟಿಐ 4 ಜಿಬಿ’ ಎಂಬ ಸ್ಟಿಕರ್. ವಿಂಡೋಸ್‌ನ ಡಿವೈಸ್ ಮ್ಯಾನೇಜರ್ ಕೂಡ ಅದೇ ಹೆಸರು ತೋರಿಸುತ್ತದೆ. ಆದರೆ ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಆ ಕಾರ್ಡಿಗೆ ನೀಲಿ ಬಣ್ಣದ, ಹದಿನೈದು ತೂತಿನ ವಿಜಿಎ ಪೋರ್ಟ್ ಇತ್ತು. ಸಂಶಯ ಹುಟ್ಟಲು ಅಷ್ಟೇ ಸಾಕು. 2016ರಲ್ಲಿ ಬಂದ 1050 ಟಿಐ ಚಿಪ್‌ಗೆ ವಿಜಿಎ ಸಿಗ್ನಲ್ ಕೊಡುವ ಸಾಮರ್ಥ್ಯವೇ ಇಲ್ಲ. ಅಸಲಿ ಕಾರ್ಡುಗಳಲ್ಲಿ ಸಾಮಾನ್ಯವಾಗಿ ಇರುವುದು ಡಿವಿಐ-ಡಿ, ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್. ಜಿಪಿಯು-ಝಡ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದ ಕೂಡಲೇ ಹೆಸರಿನ ಮುಂದೆ ‘ಫೇಕ್’ ಎಂದು ಬಂತು. 2018ರ ನಂತರದ ಆವೃತ್ತಿಗಳು ಇಂಥ ನಕಲಿಗಳನ್ನು ಗುರುತಿಸುತ್ತವೆ. ಕೆಳಗೆ ಶೇಡರ್ (ಚಿತ್ರದ ಲೆಕ್ಕ ಮಾಡುವ ಪುಟ್ಟ ಘಟಕ) ಸಂಖ್ಯೆ 192 ಎಂದಿತ್ತು, ಅಸಲಿ 1050 ಟಿಐಗೆ 768 ಇರಬೇಕು. ಒಳಗಿದ್ದದ್ದು 2010ರ ಜಿಟಿಎಸ್ 450 ಕಾರ್ಡ್. ಅದರ ಬಯಾಸ್ (ಒಳಗಿನ ಮೂಲ ಸಾಫ್ಟ್‌ವೇರ್) ತಿದ್ದಿ, ವಿಂಡೋಸ್‌ಗೆ ಸುಳ್ಳು ಹೆಸರು ಮತ್ತು ಸುಳ್ಳು ಮೆಮೊರಿ ಹೇಳುವಂತೆ ಮಾಡಿದ್ದರು.

ಇದರಿಂದ ಆಗುವುದೇನೆಂದರೆ, ನಿಜವಾಗಿ ಇರುವುದು 1 ಜಿಬಿ ಮೆಮೊರಿ. ಆಟ ಅದನ್ನು ದಾಟಿ ಕೇಳಿದ ಕ್ಷಣಕ್ಕೆ ಪರದೆ ಕಪ್ಪಾಗುತ್ತದೆ ಅಥವಾ ಚೌಕ ಚೌಕವಾಗಿ ಒಡೆಯುತ್ತದೆ. ಡೆಸ್ಕ್‌ಟಾಪ್‌ಗೂ ಯೂಟ್ಯೂಬ್‌ಗೂ 1 ಜಿಬಿ ಸಾಕು, ಆದ್ದರಿಂದ ಮಾರುವವರು ಕಳಿಸುವ ವಿಡಿಯೋದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. “ಡ್ರೈವರ್ ಅಪ್‌ಡೇಟ್ ಮಾಡಬೇಡಿ” ಎಂಬ ಮಾತಿನ ಅರ್ಥವೂ ಇದೇ. ಡ್ರೈವರ್ ಎಂದರೆ ವಿಂಡೋಸ್‌ನಲ್ಲಿ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್. ಎನ್‌ವಿಡಿಯಾದ ಅಧಿಕೃತ 1050 ಟಿಐ ಡ್ರೈವರ್ ಹಾಕಿದರೆ ಈ ಹಳೆ ಚಿಪ್ ಅದನ್ನು ನಡೆಸಲಾರದು. ಮಾರುವವರು ತಿದ್ದಿದ ಡ್ರೈವರ್ ಹಾಕಿ ಕಳಿಸಿರುತ್ತಾರೆ. ಯಾರಾದರೂ ಡ್ರೈವರ್ ಮುಟ್ಟಬೇಡಿ ಎಂದರೆ ಆ ವ್ಯಾಪಾರ ಅಲ್ಲಿಗೇ ಬಿಟ್ಟುಬಿಡಿ. ಹೊಸ ಡ್ರೈವರ್ ಹಾಕಿದ್ದಕ್ಕೆ ಅಸಲಿ ಕಾರ್ಡ್ ಕೆಡುವುದಿಲ್ಲ.

ಇನ್ನು ‘ಐ7’. ಅದು ಸುಳ್ಳಲ್ಲ. ಐ7-3770, 2012ರಲ್ಲಿ ಬಂದದ್ದು. ಇಂಟೆಲ್ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಐ7 ಹೆಸರಿನಲ್ಲಿ ಪ್ರೊಸೆಸರ್ ಮಾರಿದೆ. ಹೆಸರಿನ ಮುಂದಿನ ಸಂಖ್ಯೆ ಹೇಳದೆ ಬರೀ ‘ಐ7’ ಎಂದರೆ ಏನನ್ನೂ ಹೇಳಿದಂತಾಗುವುದಿಲ್ಲ. ನಾಲ್ಕು ಕೋರಿನ 2022ರ ಐ3-12100ಎಫ್ ಆಟಗಳಲ್ಲಿ ಈ ಐ7ಅನ್ನು ಬಹಳ ಹಿಂದೆ ಹಾಕುತ್ತದೆ. 3770ಯಲ್ಲಿ ಎವಿಎಕ್ಸ್2 ಸೂಚನೆಗಳಿಲ್ಲ, ಅದನ್ನು ಕೇಳುವ ಕೆಲವು ಹೊಸ ಆಟಗಳು ತೆರೆಯುವುದೇ ಇಲ್ಲ. ವಿಂಡೋಸ್ 11ಕ್ಕೆ ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ನಂತರದ್ದು ಬೇಕು, ಟಿಪಿಎಂ 2.0 (ಪಿಸಿಯ ಭದ್ರತಾ ಘಟಕ) ಬೇಕು. ಈ ಪಿಸಿಗೆ ತಪಾಸಣೆ ತಪ್ಪಿಸಿ ವಿಂಡೋಸ್ 11 ಹಾಕಿದ್ದರು. ವ್ಯಾಲರಂಟ್ ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ (ಪಿಸಿ ತೆರೆಯುವಾಗ ಸಾಫ್ಟ್‌ವೇರ್ ಅಸಲಿಯೇ ಎಂದು ನೋಡುವ ವ್ಯವಸ್ಥೆ) ಎರಡನ್ನೂ ಕೇಳುತ್ತದೆ, ಆ 9001 ಬಂದದ್ದು ಅದಕ್ಕೇ. ವಿಂಡೋಸ್ 10ಕ್ಕೆ ಹಿಂದೆ ಹೋಗೋಣವೆಂದರೆ ಅದರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಮದರ್‌ಬೋರ್ಡ್ ಎಚ್61. ಡಿಡಿಆರ್3 ರ‍್ಯಾಮ್ 16 ಜಿಬಿಗಿಂತ ಹೆಚ್ಚು ಹಾಕಲಾಗದು, ಡಿಸ್ಕ್ ಜೋಡಿಸುವ ಸಾಟಾ ವೇಗ ಸೆಕೆಂಡಿಗೆ 3 ಗಿಗಾಬಿಟ್‌ಗೆ ಸೀಮಿತ. ಮುಂದೆ ಒಂದೊಂದೇ ಭಾಗ ಬದಲಾಯಿಸಿಕೊಳ್ಳೋಣವೆಂದರೆ ಉಳಿಸಿಕೊಳ್ಳಲು ಕ್ಯಾಬಿನೆಟ್, ಮಾನಿಟರ್ ಬಿಟ್ಟು ಬೇರೇನೂ ಇಲ್ಲ.

“ನಿಮ್ಮೂರಿನ ಕರೆಂಟ್ ಸರಿಯಿಲ್ಲ” ಎಂಬ ಮಾತಿಗೆ ಬರೋಣ. ಎಸ್‌ಎಂಪಿಎಸ್ (ಪಿಸಿಯ ಭಾಗಗಳಿಗೆ ಕರೆಂಟ್ ಹಂಚುವ ಡಬ್ಬಿ) ಮೇಲೆ ದಪ್ಪ ಅಕ್ಷರದಲ್ಲಿ 500 ವ್ಯಾಟ್ ಎಂದಿತ್ತು. ಪಕ್ಕದ ಸಣ್ಣ ಕೋಷ್ಟಕದಲ್ಲಿ 12 ವೋಲ್ಟ್ ಸಾಲಿನ ಕೆಳಗೆ 16 ಆಂಪ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ನಡೆಯುವುದು ಈ ಸಾಲಿನ ಮೇಲೆ. 12ನ್ನು 16ರಿಂದ ಗುಣಿಸಿದರೆ 192 ವ್ಯಾಟ್, ಅಷ್ಟೇ. 3770ಗೆ 77 ವ್ಯಾಟ್, ಜಿಟಿಎಸ್ 450ಗೆ 106 ವ್ಯಾಟ್, ಇವೆರಡೇ 183 ಆಯಿತು. ಫ್ಯಾನು, ಹಾರ್ಡ್‌ಡಿಸ್ಕ್ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಹಿಂಬದಿಯಲ್ಲಿ 115/230 ಎಂಬ ಕೆಂಪು ಸ್ವಿಚ್ ಕೂಡ ಇತ್ತು, ಅದು ಹಳೆ ವಿನ್ಯಾಸದ ಗುರುತು. ವೋಲ್ಟೇಜ್ ಇಳಿದಾಗ ಇಂಥವು ಕೈಕೊಡುತ್ತವೆ, ಕೆಲವೊಮ್ಮೆ ಹೋಗುವಾಗ ಬೋರ್ಡನ್ನೂ ಜೊತೆಗೆ ಕೊಂಡೊಯ್ಯುತ್ತವೆ. ಕೊಡಗಿನ ಕರೆಂಟ್ ಹೇಗೆ ಎಂಬುದು ಎಲ್ಲರಿಗೂ ಗೊತ್ತಿರುವುದೇ. ಅದಕ್ಕೇ ಇಲ್ಲಿ ಎಸ್‌ಎಂಪಿಎಸ್‌ನಲ್ಲಿ ಉಳಿತಾಯ ಮಾಡಬಾರದು. 80 ಪ್ಲಸ್ ಬ್ರಾಂಜ್ ಎಂಬ ದಕ್ಷತೆಯ ಗುರುತಿರುವ, 450ರಿಂದ 550 ವ್ಯಾಟ್‌ನ, ಆಕ್ಟಿವ್ ಪಿಎಫ್‌ಸಿ (ಲೈನಿನಿಂದ ಕರೆಂಟನ್ನು ಹದವಾಗಿ ಎಳೆದುಕೊಳ್ಳುವ ಸರ್ಕ್ಯೂಟ್) ಇರುವುದನ್ನು ತೆಗೆದುಕೊಳ್ಳಿ. ಲೇಬಲ್‌ನಲ್ಲಿ ಇನ್‌ಪುಟ್ 100–240 ವೋಲ್ಟ್ ಎಂದಿರಲಿ. ಕೆಲವು ಮಾಡೆಲ್‌ಗಳಲ್ಲಿ 200–240 ಎಂದಷ್ಟೇ ಇರುತ್ತದೆ, ಸಂಜೆ ಹೊತ್ತು 170–180ಕ್ಕೆ ಇಳಿಯುವ ಲೈನಿಗೆ ಅದು ಆಗದು. 600 ವಿಎ ಯುಪಿಎಸ್ ಕೊಡುವುದು ಸುಮಾರು 360 ವ್ಯಾಟ್, ಕೆಲವೇ ನಿಮಿಷ; ಆಟ ಸೇವ್ ಮಾಡಿ ಬಂದ್ ಮಾಡಲು ಮಾತ್ರ. ಜನರೇಟರ್ ಇರುವ ತೋಟದ ಮನೆಗಳಲ್ಲಿ ಕರೆಂಟ್ ಹೋಗಿ ಜನರೇಟರ್‌ಗೆ ಬದಲಾಗುವ ಹೊತ್ತಿಗೂ ಇದೇ ಯುಪಿಎಸ್ ಕಾಯುತ್ತದೆ. ಏಪ್ರಿಲ್, ಮೇ ತಿಂಗಳ ಗುಡುಗು ಸಿಡಿಲಿಗೆ ಮಾತ್ರ ಯಾವ ಸ್ಪೈಕ್‌ಗಾರ್ಡನ್ನೂ ನೆಚ್ಚಬೇಡಿ. ಪ್ಲಗ್ ಕಿತ್ತಿಡಿ, ಇಂಟರ್ನೆಟ್‌ನ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಎಷ್ಟೋ ಬೋರ್ಡುಗಳು ಹೋಗುವುದು ಆ ದಾರಿಯಿಂದಲೇ. ಮಳೆಗಾಲದಲ್ಲಿ ವಾರಗಟ್ಟಲೆ ಮುಚ್ಚಿಟ್ಟರೆ ಕನೆಕ್ಟರ್‌ಗಳಿಗೆ ತೇವ ಕಚ್ಚುತ್ತದೆ, ದಿನಕ್ಕೊಂದು ಗಂಟೆಯಾದರೂ ಓಡಿಸಿ.

ಕಾಫಿ ಕೊಳ್ಳುವ ವ್ಯಾಪಾರಿ ಚೀಲದ ಒಳಗಿಂದ ಸ್ಯಾಂಪಲ್ ತೆಗೆದು, ತೇವಾಂಶ ಅಳೆದು, ಔಟ್‌ಟರ್ನ್ (ಸಿಪ್ಪೆ ತೆಗೆದರೆ ಎಷ್ಟು ಬೇಳೆ ಸಿಗುತ್ತದೆ ಎಂಬುದು) ನೋಡದೆ ದರ ಹೇಳುವುದಿಲ್ಲ. ಪಿಸಿ ಕೊಳ್ಳುವಾಗ ನೀವೂ ಹಾಗೇ ಮಾಡಬೇಕು. ದುಡ್ಡು ಕೊಡುವ ಮೊದಲು ವಿಡಿಯೋ ಕಾಲ್‌ನಲ್ಲಿ, ರೆಕಾರ್ಡ್ ಮಾಡಿದ ವಿಡಿಯೋದಲ್ಲಿ ಅಲ್ಲ, ಇಷ್ಟು ತೋರಿಸಲು ಹೇಳಿ: ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್‌ನ ಪೂರ್ತಿ ಹೆಸರು, ಸಿಪಿಯು-ಝಡ್‌ನಲ್ಲಿ ಮದರ್‌ಬೋರ್ಡ್ ಮಾಡೆಲ್ ಮತ್ತು ರ‍್ಯಾಮ್, ಜಿಪಿಯು-ಝಡ್‌ನ ಮೊದಲ ಪುಟ, ಕ್ರಿಸ್ಟಲ್‌ಡಿಸ್ಕ್‌ಇನ್‌ಫೋದಲ್ಲಿ ಡಿಸ್ಕ್ ಎಷ್ಟು ಗಂಟೆ ಓಡಿದೆ ಎಂಬುದು, ಎಸ್‌ಎಂಪಿಎಸ್ ಲೇಬಲ್, ಹಿಂಬದಿಯ ಪೋರ್ಟುಗಳು. ಆಮೇಲೆ ಗ್ರಾಫಿಕ್ಸ್ ಕಾರ್ಡನ್ನು ಪೂರ್ತಿ ದುಡಿಸಿ ನೋಡುವ ಫರ್‌ಮಾರ್ಕ್ ಎಂಬ ಸಾಫ್ಟ್‌ವೇರ್ ಹದಿನೈದು ನಿಮಿಷ ಓಡಲಿ. ಉಷ್ಣತೆ 85 ಡಿಗ್ರಿ ದಾಟಿ ಏರುತ್ತಲೇ ಇದ್ದರೆ, ಪರದೆ ಮಿನುಗಿದರೆ, ಬೇಡ. ಇದಕ್ಕೆಲ್ಲ ಒಪ್ಪದವನ ಹತ್ತಿರ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಹಳೆಯ ಕಾರ್ಡುಗಳಲ್ಲಿ ಇನ್ನೂ ಎರಡು ಬಲೆಗಳಿವೆ. ಆರ್‌ಎಕ್ಸ್ 580 ಎಂದು ಮಾರುವ ಹಲವು ಕಾರ್ಡುಗಳು ‘2048ಎಸ್‌ಪಿ’ ಮಾದರಿ. ಅಸಲಿ 580ಗೆ 2304 ಶೇಡರ್, ಇದಕ್ಕೆ 2048, ಅಂದರೆ ಆರ್‌ಎಕ್ಸ್ 570ರ ಮಟ್ಟ. ಇವುಗಳಲ್ಲಿ ಬಹಳಷ್ಟು ಎಥೀರಿಯಂ ಎಂಬ ಡಿಜಿಟಲ್ ಹಣದ ಮೈನಿಂಗ್‌ನಲ್ಲಿ ಹಗಲೂ ರಾತ್ರಿ ದುಡಿದವು. 2022ರ ಸೆಪ್ಟೆಂಬರ್‌ನಲ್ಲಿ ಆ ಮೈನಿಂಗ್ ನಿಂತ ಮೇಲೆ ಮಾರುಕಟ್ಟೆಗೆ ಸುರಿದವು. ಇನ್ನೊಂದು ಜಿಟಿ 1030. ಡಿಡಿಆರ್4 ಮಾದರಿಯ ಮೆಮೊರಿ ವೇಗ ಸೆಕೆಂಡಿಗೆ 16.8 ಜಿಬಿ, ಜಿಡಿಡಿಆರ್5 ಮಾದರಿಯದ್ದು 48 ಜಿಬಿ. ಪೆಟ್ಟಿಗೆಯ ಮೇಲೆ ಎರಡಕ್ಕೂ ಒಂದೇ ಹೆಸರು.

ಹಾಗಾದರೆ ಕಡಿಮೆ ದುಡ್ಡಿಗೆ ಏನು ತೆಗೆದುಕೊಳ್ಳುವುದು? ನಮ್ಮ ಅಭಿಪ್ರಾಯದಲ್ಲಿ, ಒಳ್ಳೆಯ ಕಾರ್ಡಿಗೆ ದುಡ್ಡು ಸಾಲದಿದ್ದರೆ ಕಾರ್ಡನ್ನೇ ಸದ್ಯಕ್ಕೆ ಬಿಡಿ. ಎಎಂಡಿಯ ರೈಝೆನ್ 5 5600ಜಿ ಪ್ರೊಸೆಸರ್ ತೆಗೆದುಕೊಳ್ಳಿ: ಆರು ಕೋರ್, ಗ್ರಾಫಿಕ್ಸ್ ಒಳಗೇ ಇದೆ. ಅದಕ್ಕೊಂದು ಬಿ450 ಅಥವಾ ಬಿ550 ಬೋರ್ಡ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಮೇಲೆ ಹೇಳಿದ ಎಸ್‌ಎಂಪಿಎಸ್. ರ‍್ಯಾಮ್ 3200 ವೇಗದ 8 ಜಿಬಿಯ ಎರಡು ಕಡ್ಡಿ ಇರಲಿ. 16ರ ಒಂದೇ ಕಡ್ಡಿ ಹಾಕಿದರೆ ಮೆಮೊರಿಯ ದಾರಿ ಅರ್ಧವಾಗುತ್ತದೆ, ಒಳಗಿನ ಗ್ರಾಫಿಕ್ಸ್ ಆ ದಾರಿಯನ್ನೇ ನಂಬಿರುವುದರಿಂದ ಆಟದ ಫ್ರೇಮ್ ವೇಗ ದೊಡ್ಡದಾಗಿಯೇ ಕುಸಿಯುತ್ತದೆ. ಬೋರ್ಡಿನ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ವೇಗಕ್ಕೆ ಓಡಿಸುವ ಸೆಟ್ಟಿಂಗ್) ಆನ್ ಮಾಡುವುದನ್ನು ಮರೆಯಬೇಡಿ. ಬಿ450 ಹಳೆ ಸ್ಟಾಕ್ ಆಗಿದ್ದರೆ 5000 ಸರಣಿಗೆ ಬಯಾಸ್ ಅಪ್‌ಡೇಟ್ ಮಾಡಿಸಿಯೇ ತನ್ನಿ, ಇಲ್ಲವಾದರೆ ಮನೆಗೆ ಬಂದ ಮೇಲೆ ಪರದೆಯೇ ಬರುವುದಿಲ್ಲ. ವ್ಯಾಲರಂಟ್ ಇದರಲ್ಲಿ ಸಲೀಸು, ಜಿಟಿಎ 5 ಸೆಟ್ಟಿಂಗ್ ಇಳಿಸಿ ಆಡಬಹುದು. ಮುಂದಿನ ವರ್ಷ ಕೈಯಲ್ಲಿ ದುಡ್ಡಾದಾಗ 8 ಜಿಬಿಯ ಆರ್‌ಎಕ್ಸ್ 6600 ಸೇರಿಸಿ: 132 ವ್ಯಾಟ್, ಒಂದು 8-ಪಿನ್ ತಂತಿ ಸಾಕು, 450 ವ್ಯಾಟ್ ಎಸ್‌ಎಂಪಿಎಸ್ ತಡೆಯುತ್ತದೆ. ಅಗ್ಗವೆಂದು ಆರ್‌ಎಕ್ಸ್ 6500 ಎಕ್ಸ್‌ಟಿ ಹಾಕಬೇಡಿ. ಅದು ಪಿಸಿಐಇಯ (ಬೋರ್ಡಿಗೂ ಕಾರ್ಡಿಗೂ ನಡುವಿನ ದಾರಿ) ನಾಲ್ಕೇ ಲೇನ್ ಬಳಸುತ್ತದೆ, 5600ಜಿ ಕೊಡುವುದು ನಿಧಾನದ ಮೂರನೇ ಆವೃತ್ತಿಯ ಪಿಸಿಐಇ, ಕಾರ್ಡ್ ಅಲ್ಲಿ ಸೊರಗುತ್ತದೆ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಬಹಳ ಏರಿರುವುದರಿಂದ ಹಳೆಯ ಯೂಟ್ಯೂಬ್ ವಿಡಿಯೋಗಳ ಲೆಕ್ಕ ಹಿಡಿದು ಹೊರಡಬೇಡಿ.

ಕಚೇರಿಗಳಿಂದ ಬರುವ ಸೆಕೆಂಡ್ ಹ್ಯಾಂಡ್ ಬ್ರಾಂಡೆಡ್ ಪಿಸಿಯೂ ಕೆಟ್ಟದ್ದಲ್ಲ, ಐ5-8500 ಅಥವಾ ನಂತರದ್ದಾದರೆ. ಸಣ್ಣ ಪೆಟ್ಟಿಗೆಯದ್ದು ಮಾತ್ರ ಬೇಡ, ಅದರ ಎಸ್‌ಎಂಪಿಎಸ್ ಬದಲಾಯಿಸಲಾಗದು, ಗಿಡ್ಡ ಕಾರ್ಡ್ ಬಿಟ್ಟು ಬೇರೆ ಕೂರದು.

ಭಾಗಗಳನ್ನು ಜಿಎಸ್‌ಟಿ ಬಿಲ್ಲಿನಲ್ಲಿ ಒಂದೊಂದಾಗಿ, ಸೀರಿಯಲ್ ನಂಬರ್ ಸಮೇತ ಬರೆಸಿ. ‘ಅಸೆಂಬಲ್ಡ್ ಪಿಸಿ 1’ ಎಂಬ ಒಂದೇ ಸಾಲಿನ ಬಿಲ್ ವಾರಂಟಿಗೆ ಉಪಯೋಗಕ್ಕೆ ಬಾರದು. ಕೊಡಗಿನಿಂದ ಸರ್ವೀಸ್ ಸೆಂಟರ್ ಎಂದರೆ ಹೆಚ್ಚಾಗಿ ಮೈಸೂರೋ ಮಂಗಳೂರೋ. ಮಡಿಕೇರಿಯಿಂದ ಯಾವ ಕಡೆಗಾದರೂ ನೂರು ಕಿಲೋಮೀಟರಿಗೆ ಮೇಲೆ, ಬಿಲ್ ಸರಿಯಿಲ್ಲದೆ ಅಷ್ಟು ದೂರ ಹೋಗಿ ಬರುವುದು ದಂಡ. ಕುಶಾಲನಗರದಲ್ಲೋ ವಿರಾಜಪೇಟೆಯಲ್ಲೋ ಪರಿಚಯದ ಅಂಗಡಿಯವರು ಇದೇ ಭಾಗಗಳನ್ನು ಸ್ವಲ್ಪ ಹೆಚ್ಚಿಗೆ ತರಿಸಿಕೊಟ್ಟರೂ ಅದು ನಷ್ಟವಲ್ಲ.

ಈಗಾಗಲೇ ಮೋಸ ಹೋಗಿದ್ದರೆ ಪಿಸಿಯನ್ನು ಬಿಚ್ಚಿ ಭಾಗ ಮಾರಬೇಡಿ, ವಿಂಡೋಸ್ ಅಳಿಸಬೇಡಿ. ಜಾಹೀರಾತು, ಮಾತುಕತೆ, ಯುಪಿಐ ರಸೀದಿ, ಜಿಪಿಯು-ಝಡ್ ಪುಟ ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ, ಕೊರಿಯರ್ ಲೇಬಲ್ ಜೋಪಾನ ಮಾಡಿ. ಪೆಟ್ಟಿಗೆಯೇ ಬಾರದೆ ದುಡ್ಡು ಮಾತ್ರ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬಂದದ್ದು ನಕಲಿಯಾಗಿದ್ದರೆ ಗ್ರಾಹಕ ಸಹಾಯವಾಣಿ 1915. ಅದಕ್ಕೂ ಬಗ್ಗದಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. 2019ರ ಕಾಯ್ದೆಯ ಪ್ರಕಾರ ಮಾರಿದವನು ಯಾವ ಊರಿನವನಾದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಲು ಅವಕಾಶವಿದೆ, 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ, ವಕೀಲರೇ ಬೇಕೆಂದಿಲ್ಲ. ಎರಡು ವರ್ಷದೊಳಗೆ ಕೊಡಬೇಕು.