ಹಿತ್ತಾಳೆ ಕಿವಿಗೆ 1,850 ರೂಪಾಯಿ ದಂಡ

ಹೊಸ ಐಇಎಂ ಇಯರ್‌ಫೋನ್ ಸರಿಯಿಲ್ಲ ಅಂದಾಗ ಅಂಗಡಿಯವರು "ನೂರು ಗಂಟೆ ಓಡಿಸಿ ಸರ್, ಆಮೇಲೆ ಸೌಂಡ್ ನೋಡಿ" ಅಂದರೆ ನಂಬಬೇಡಿ. ಅವತ್ತೇ ಹೋಗಿ ಬದಲಿಸಿಕೊಳ್ಳಿ. ನಾನು ನಂಬಿದೆ, 1,850 ರೂಪಾಯಿ ಹೋಯಿತು. ದೊಡ್ಡ ದುಡ್ಡೇನಲ್ಲ. ಆದರೆ ಮೋಸ ಹೋದ ರೀತಿ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಗೊತ್ತಿಲ್ಲದವರಿಗೆ ಒಂದು ಮಾತು. ಐಇಎಂ ಅಂದರೆ ಕಿವಿಯೊಳಗೆ ಬಿಗಿಯಾಗಿ ಕೂರುವ, ವೈರನ್ನು ಕಿವಿಯ ಮೇಲಿಂದ ಸುತ್ತಿ ಹಾಕಿಕೊಳ್ಳುವ ಇಯರ್‌ಫೋನ್. ವೇದಿಕೆ ಮೇಲೆ ಹಾಡುವವರು ತಮ್ಮ ದನಿ ತಾವೇ ಕೇಳಿಸಿಕೊಳ್ಳಲು ಬಳಸುವಂಥದ್ದು. ಈಗ ಒಂದೂವರೆ, ಎರಡು ಸಾವಿರಕ್ಕೂ ಸಿಗುತ್ತೆ. ಅದರಲ್ಲಿ ನಿಜಕ್ಕೂ ಒಳ್ಳೆಯವು ಇವೆ. ಆ ಆಸೆಗೇ ನಾನೂ ಹೋಗಿದ್ದು.

ಮೆಜೆಸ್ಟಿಕ್ ಹತ್ತಿರದ ಒಂದು ಅಂಗಡಿ, ಹೆಸರು ಬೇಡ. ಸಂಜೆ ಆರೂವರೆ. ಹೊರಗೆ ಬಸ್ ಹಾರ್ನ್, ಒಳಗೆ ಯಾರೋ ಬ್ಲೂಟೂತ್ ಸ್ಪೀಕರ್ ಟೆಸ್ಟ್ ಮಾಡುತ್ತಿದ್ದರು. ಡಬ್ಬದ ಮೇಲೆ "ನಾಲ್ಕು ಡ್ರೈವರ್" ಅಂತ ದಪ್ಪಕ್ಷರ (ಡ್ರೈವರ್ ಅಂದರೆ ಸದ್ದು ಹೊರಡಿಸುವ ಪುಟ್ಟ ಭಾಗ), ಪಕ್ಕದಲ್ಲಿ ಹೈ-ರೆಸ್ ಮುದ್ರೆ. ಆ ಮುದ್ರೆ ಜಪಾನ್ ಆಡಿಯೊ ಸೊಸೈಟಿಯದು. 40 ಕಿಲೋಹರ್ಟ್ಸ್ ತನಕದ ಕೀಚಲು ಸದ್ದನ್ನೂ ನುಡಿಸಬಲ್ಲದು ಅಂತ ಅದರ ಅರ್ಥ. ಮನುಷ್ಯನ ಕಿವಿ 20ಕ್ಕೇ ಮುಗಿಯುತ್ತೆ, ನಲವತ್ತು ದಾಟಿದ ನನ್ನಂಥವರಿಗೆ ಅಷ್ಟೂ ಇಲ್ಲ. ಬಾವಲಿಗೆ ಕೊಡಿಸೋದಾದರೆ ಸರಿ.

ಹುಡುಗ ನನ್ನ ಹಳೇ ಇಯರ್‌ಫೋನನ್ನೂ ಹೊಸದನ್ನೂ ಒಂದಾದ ಮೇಲೊಂದು ಹಾಕಿಸಿದ. ವಾಲ್ಯೂಮ್ ಮುಟ್ಟಲೇ ಇಲ್ಲ. "ನೋಡಿ ಸರ್, ಎಷ್ಟು ಕ್ಲಿಯರ್!" ಅಂದ. ಹೌದು ಅನ್ನಿಸಿತು. ಅಲ್ಲೇ ನಾನು ಬಿದ್ದಿದ್ದು. ಒಂದೊಂದು ಇಯರ್‌ಫೋನಿನ ಸೆನ್ಸಿಟಿವಿಟಿ ಒಂದೊಂದು ಥರ. ಫೋನಿನಲ್ಲಿ ವಾಲ್ಯೂಮ್ ಕಡ್ಡಿ ಅದೇ ಜಾಗದಲ್ಲಿದ್ದರೂ ಒಂದು ಜೋರಾಗಿ ಕೇಳುತ್ತೆ, ಇನ್ನೊಂದು ಮೆತ್ತಗೆ. ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಅಂತ ಕಿವಿ ತೀರ್ಪು ಕೊಡುತ್ತೆ. ಸದ್ದು ಕಮ್ಮಿ ಇದ್ದಾಗ ಬೇಸ್ (ದಪ್ಪ ದನಿ) ನಮಗೆ ಸರಿಯಾಗಿ ಕೇಳಲ್ಲ ಅಂತ ಫ್ಲೆಚರ್, ಮನ್ಸನ್ ಅನ್ನೋ ಇಬ್ಬರು ಸಂಶೋಧಕರು 1933ರಲ್ಲೇ ಅಳೆದು ತೋರಿಸಿದ್ದಾರೆ. ಹಾಗಾಗಿ ಜೋರಾಗಿರುವುದು ತುಂಬಿಕೊಂಡ ಹಾಗೆ, ಮೆತ್ತಗಿರುವುದು ಸಪ್ಪೆಯ ಹಾಗೆ ಕೇಳುತ್ತೆ. ಹುಡುಗನಿಗೆ ಇದು ಗೊತ್ತಿತ್ತೋ ಇಲ್ಲವೋ, ವ್ಯಾಪಾರ ಅಂತೂ ಗೊತ್ತಿತ್ತು.

ಐದೇ ನಿಮಿಷ ಕೇಳಿ ದುಡ್ಡು ಕೊಟ್ಟೆ. ಬಿಲ್ ಮೇಲೆ "7 ದಿನ ರಿಪ್ಲೇಸ್‌ಮೆಂಟ್ ಮಾತ್ರ" ಅಂತ ಸೀಲ್ ಹೊಡೆದುಕೊಟ್ಟರು.

ಮನೆಗೆ ಬಂದು ರಾತ್ರಿ ಎಲ್ಲ ಮಲಗಿದ ಮೇಲೆ ಹಾಕಿಕೊಂಡೆ. ನನ್ನ ಫೋನಿನಲ್ಲಿ ಅಮ್ಮ ಹಾಡಿದ ಒಂದು ದೇವರನಾಮ ಇದೆ. ಅಡುಗೆಮನೆಯಲ್ಲಿ ಕೂತು ಹಾಡಿದ್ದು, ಮೊನೊ ರೆಕಾರ್ಡಿಂಗ್, ಅಂದರೆ ಎರಡೂ ಕಿವಿಗೆ ಒಂದೇ ಸದ್ದು. ಹಿಂದೆ ಎಲ್ಲೋ ನಲ್ಲಿ ತೊಟ್ಟಿಕ್ಕುವ ಸದ್ದೂ ಇದೆ. ಹೊಸ ಐಇಎಂನಲ್ಲಿ ನಲ್ಲಿ ಸದ್ದು ಸ್ಪಷ್ಟವಾಗಿ ಕೇಳಿತು, ಅಮ್ಮ ಮಾತ್ರ ಅಮ್ಮನ ಥರ ಕೇಳಲಿಲ್ಲ. ದನಿ ತೆಳ್ಳಗಾಗಿ ಡಬ್ಬದೊಳಗಿಂದ ಬಂದ ಹಾಗಿತ್ತು. ಒಂದೊಂದು "ಶ", "ಸ" ಬಂದಾಗಲೂ ಕುಕ್ಕರ್ ವಿಸಿಲ್ ಹೊಡೆದ ಹಾಗೆ. ಇಪ್ಪತ್ತು ನಿಮಿಷಕ್ಕೆ ಹಣೆಯ ಪಕ್ಕ ನೋವು ಶುರುವಾಯಿತು. ಅಂಗಡಿಯಲ್ಲಿ "ಕ್ಲಿಯರ್" ಅಂತ ಕೇಳಿದ್ದು ಇದೇ. ಆರೇಳು ಕಿಲೋಹರ್ಟ್ಸ್ ಆಸುಪಾಸಿನ ಕೀಚಲು ಸದ್ದನ್ನು ಎತ್ತಿ ಬಿಟ್ಟಿದ್ದರೆ ಐದು ನಿಮಿಷ ಎಲ್ಲವೂ ಸ್ಪಷ್ಟ ಅನ್ನಿಸುತ್ತೆ, ಆಮೇಲೆ ಚುಚ್ಚುತ್ತೆ.

ಇನ್ನೊಂದು ವಿಷಯ. ಮೊನೊ ರೆಕಾರ್ಡಿಂಗ್ ಅಂದಮೇಲೆ ದನಿ ತಲೆಯ ನಡುಮಧ್ಯೆ ಇರಬೇಕು. ಇದರಲ್ಲಿ ಅಮ್ಮ ಎಡಕ್ಕೆ ಸರಿದು ಕೂತಿದ್ದಳು. ನನ್ನ ಕಿವಿಯದೇ ತೊಂದರೆಯಾ ಅಂತ ಹಳೇ ಇಯರ್‌ಫೋನ್ ಹಾಕಿ ನೋಡಿದೆ, ಅಮ್ಮ ಮಧ್ಯಕ್ಕೆ ಬಂದಳು. ಕೇಬಲ್ ಬಿಚ್ಚಿ ಪಿನ್‌ಗಳನ್ನು ಎಡಬಲ ಅದಲುಬದಲು ಮಾಡಿ ಹಾಕಿದೆ, ಆಗಲೂ ಎಡಕ್ಕೇ. ಕೇಬಲ್ ಸರಿಯಿದೆ, ಬಲಗಡೆಯ ಪೀಸೇ ಮಂಕು ಅಂತಾಯಿತು.

ಮಾರನೇ ದಿನವೇ ಫೋನ್ ಮಾಡಿದೆ. ಮಾಲೀಕರೇ ಎತ್ತಿದರು. "ಬರ್ನ್-ಇನ್ ಆಗಬೇಕು ಸರ್. ಹೊಸ ಡ್ರೈವರ್ ಅಲ್ವಾ, ಗಟ್ಟಿ ಇರುತ್ತೆ. ಮಿನಿಮಮ್ ನೂರು ಗಂಟೆ ಓಡಿಸಿ, ಎರಡೂ ಕಡೆ ಸಮ ಆಗುತ್ತೆ."

ಹಿತ್ತಾಳೆ ಕಿವಿ ನನ್ನದು. ಒಪ್ಪಿಕೊಂಡುಬಿಟ್ಟೆ. ದಿನಾ ರಾತ್ರಿ ಹತ್ತು ಗಂಟೆ ಪಿಂಕ್ ನಾಯ್ಸ್ (ಒಂದೇ ಸಮ ಶ್ ಅನ್ನುವ ಸದ್ದು) ಹಚ್ಚಿ ಸ್ಟೀಲ್ ಡಬ್ಬದಲ್ಲಿ ಮುಚ್ಚಿಟ್ಟೆ. "ರಾತ್ರಿಯೆಲ್ಲ ಡಬ್ಬದೊಳಗೆ ಏನ್ರೀ ಅದು, ಸೋನೆ ಮಳೆ ಹಿಡಿದ ಹಾಗೆ?" ಅಂತ ಹೆಂಡತಿ ಕೇಳಿದಳು. ಲೆಕ್ಕ ಈಗ ನೀವೇ ಹಾಕಿ. ದಿನಕ್ಕೆ ಹತ್ತು ಗಂಟೆಯಂತೆ ನೂರು ಗಂಟೆಗೆ ಹತ್ತು ದಿನ. ಬದಲಿಸಿಕೊಡುವುದು ಏಳು ದಿನ.

ಹನ್ನೊಂದನೇ ದಿನ ಅಂಗಡಿಗೆ ಹೋದೆ. ಅಮ್ಮ ಇನ್ನೂ ಎಡಕ್ಕೇ ಇದ್ದಳು, ವಿಸಿಲ್ ಹಾಗೇ ಇತ್ತು. "ಡೇಟ್ ಮುಗಿದುಹೋಯ್ತಲ್ಲ ಸರ್. ಅದೂ ಅಲ್ಲದೆ ಕಿವಿಗೆ ಹಾಕಿದ್ದು, ನಾವು ವಾಪಸ್ ತಗೊಳಲ್ಲ." ನೂರು ಗಂಟೆ ಓಡಿಸಿ ಅಂದವರು ನೀವೇ ತಾನೆ ಅಂದೆ. "ಫೋನಲ್ಲಿ ಯಾರು ಹೇಳಿದ್ರೋ ಸರ್" ಅಂದರು, ಅದೇ ದನಿಯಲ್ಲಿ.

ಡ್ರೈವರ್‌ನ ಪೊರೆ ಓಡಿಸುತ್ತಾ ಹೋದ ಹಾಗೆ ಕೂದಲೆಳೆಯಷ್ಟು ಸಡಿಲ ಆಗಬಹುದೇನೋ. ಕಿರುಚುವುದು ಇಂಪಾಗುವಷ್ಟು, ಮಂಕಾದ ಪೀಸ್ ಎದ್ದು ಕೂರುವಷ್ಟು ಬದಲಾವಣೆ ಆಗಲ್ಲ. ಬದಲಾಗುವುದು ನಮ್ಮ ಕಿವಿ. ಸಾರಿಗೆ ಉಪ್ಪು ಜಾಸ್ತಿಯಾದರೂ ಹದಿನೈದು ದಿನ ಅದನ್ನೇ ಉಂಡರೆ ಅಭ್ಯಾಸ ಆಗುತ್ತಲ್ಲ, ಹಾಗೆ.

ಅಂಗಡಿಯವರು ವಾಟ್ಸಾಪಿನಲ್ಲಿ ಕಳಿಸಿದ್ದ, ದಪ್ಪ ದನಿಯಿಂದ ಕೀಚಲು ತನಕ ಯಾವುದು ಎಷ್ಟು ಜೋರು ಅಂತ ತೋರಿಸುವ ಗ್ರಾಫ್ ಬಗ್ಗೆಯೂ ಹೇಳಿಬಿಡುತ್ತೇನೆ. "ಹಾರ್ಮನ್ ಕರ್ವ್‌ಗೆ ಪಕ್ಕಾ ಮ್ಯಾಚ್" ಅಂತ ಬರೆದಿದ್ದರು. ಹಾರ್ಮನ್ ಕರ್ವ್ ಅಂದರೆ ಹಾರ್ಮನ್ ಅನ್ನೋ ಆಡಿಯೊ ಕಂಪನಿಯ ಶಾನ್ ಆಲಿವ್ ಮತ್ತು ಜೊತೆಗಾರರು ಬಹಳ ಜನರಿಗೆ ಕೇಳಿಸಿ, ಹೆಚ್ಚಿನವರಿಗೆ ಯಾವುದು ಹಿಡಿಸಿತು ಅಂತ ನೋಡಿ ಎಳೆದ ಗೆರೆ. ಒಳ್ಳೆಯ ಕೆಲಸವೇ. ಆದರೆ ಐಇಎಂ ಅಳೆಯುವುದು ಸಾಮಾನ್ಯವಾಗಿ "711" ಅನ್ನೋ ಕೃತಕ ಕಿವಿಯಲ್ಲಿ. 8 ಕಿಲೋಹರ್ಟ್ಸ್ ಆಸುಪಾಸಿನಿಂದ ಮೇಲಕ್ಕೆ, ಇಯರ್‌ಫೋನನ್ನು ಅದರೊಳಗೆ ಎಷ್ಟು ಆಳಕ್ಕೆ ತೂರಿಸಿದ್ದಾರೆ ಅನ್ನೋದರ ಮೇಲೆ ಗೆರೆಯೇ ಬದಲಾಗುತ್ತೆ. ಅದೂ ಅಲ್ಲದೆ, ಗ್ರಾಫ್ ತೆಗೆದ ಪೀಸ್ ಬೇರೆ, ನನ್ನ ಕೈಗೆ ಬಂದ ಪೀಸ್ ಬೇರೆ.

ಕಿವಿಯೊಳಗೆ ಕೂರುವ ರಬ್ಬರ್ ಟಿಪ್ ವಿಷಯದಲ್ಲಿ ಮಾತ್ರ ತಪ್ಪು ನನ್ನದೂ ಇತ್ತು. ಡಬ್ಬದಲ್ಲಿ ಮೂರು ಸೈಜ್ ಇದ್ದವು, ಇಯರ್‌ಫೋನಿಗೆ ಮೊದಲೇ ಸಿಕ್ಕಿಸಿದ್ದ ಟಿಪ್ಪನ್ನೇ ನಾನು ಬಿಟ್ಟಿದ್ದೆ. ನನ್ನ ಕಿವಿಗೆ ಅದು ಸಣ್ಣದು. ರಬ್ಬರ್ ಟಿಪ್ ಕಿವಿಯನ್ನು ಪೂರ್ತಿ ಮುಚ್ಚದಿದ್ದರೆ ಬೇಸ್ ಸೋರಿಹೋಗುತ್ತೆ, ಉಳಿಯುವುದು ಚೀರಾಟ. ದೊಡ್ಡ ಟಿಪ್ ಹಾಕಿದ ಮೇಲೆ ಮೃದಂಗದ ಎಡಗೈ ಪೆಟ್ಟಿಗೆ ಸ್ವಲ್ಪ ತೂಕ ಬಂತು. ಟಿಪ್ ಸರಿಯಾಗಿ ಕೂತಿದೆಯಾ ಅಂತ ನೋಡಲು ಹಾಡು ನಿಲ್ಲಿಸಿ ಕಿವಿ ಪಕ್ಕ ಬೆರಳು ಉಜ್ಜಿ. ಆ ಸದ್ದು ದೂರ ಹೋದ ಹಾಗಿರಬೇಕು. ಇನ್ನೂ ಒಂದು ಲಾಭ ಇದೆ. ಹೊರಗಿನ ಗಲಾಟೆ ತಡೆದರೆ ಮೆಟ್ರೋದಲ್ಲಿ ವಾಲ್ಯೂಮ್ ಏರಿಸಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬೆಲ್, ವಾರಕ್ಕೆ 40 ಗಂಟೆ. ಸೋರುವ ಟಿಪ್ ಹಾಕಿಕೊಂಡು ಜೋರು ಮಾಡುತ್ತಾ ಹೋದರೆ ಅದನ್ನು ದಾಟಿದ್ದೇ ಗೊತ್ತಾಗಲ್ಲ.

ಹಾಗಾಗಿ ತಂದ ದಿನವೇ, ಮನೆಯಲ್ಲಿ, ಸದ್ದಿಲ್ಲದ ಹೊತ್ತಿನಲ್ಲಿ ಕೂತು ಕೇಳಿ. ಎರಡನ್ನು ಹೋಲಿಸುವಾಗ ಕಡ್ಡಿ ನೋಡಬೇಡಿ, ಎರಡರಲ್ಲೂ ದನಿ ಒಂದೇ ಮಟ್ಟಕ್ಕೆ ಬರುವ ಹಾಗೆ ವಾಲ್ಯೂಮ್ ಹೊಂದಿಸಿ. ಮೆತ್ತಗಿಟ್ಟು ಅರ್ಧ ಗಂಟೆಯಾದರೂ ಕೇಳಿ. ಹೊಸ ಹಾಡು ಬೇಡ, ದಿನಾ ಕೇಳುವ ಮನುಷ್ಯರ ದನಿ ಹಾಕಿ. ತಂಬೂರಿಯೂ ಒಳ್ಳೆಯದೇ, ಒಂದೊಂದು ಮೀಟಿನ ಝೇಂಕಾರ ಬಿಡಿಸಿ ಕೇಳಬೇಕು, ಎಲ್ಲ ಸೇರಿ ಜೇನುನೊಣದ ಥರ ಆಗಬಾರದು. ಚುಚ್ಚಿದರೆ, ಒಂದು ಕಡೆ ವಾಲಿದರೆ ಫೋನ್ ಮಾಡಬೇಡಿ, ಮೆಸೇಜ್ ಮಾಡಿ. ಬರಹದಲ್ಲಿರಲಿ. ನನ್ನ ಹತ್ತಿರ ಏನೂ ಇರಲಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ ಅಂತ ಗೆಳೆಯ ಹೇಳಿದ, ಆದರೆ ತೋರಿಸಲು ಕೈಯಲ್ಲಿದ್ದದ್ದು ಏಳು ದಿನದ ಸೀಲ್ ಇರೋ ಬಿಲ್ ಮಾತ್ರ.

ಫೋನಿನ ಈಕ್ವಲೈಜರ್‌ನಲ್ಲಿ ಟ್ರೆಬಲ್ (ಕೀಚಲು ಸದ್ದು) ಇಳಿಸಿದೆ. ವಿಸಿಲ್ ಕಮ್ಮಿಯಾಯಿತು, ವಾಲಿದ್ದು ಹಾಗೇ ಉಳಿಯಿತು. ಕೊನೆಗೆ ಅಕ್ಕನ ಮಗನಿಗೆ ಕೊಟ್ಟುಬಿಟ್ಟೆ, ಮೊಬೈಲ್ ಗೇಮ್ ಆಡಲು. ಎರಡು ದಿನ ಬಿಟ್ಟು ಫೋನ್ ಮಾಡಿದ.

"ಮಾಮ, ಹೆಜ್ಜೆ ಸಪ್ಪಳ ಸೂಪರ್ ಆಗಿ ಕೇಳುತ್ತೆ. ಆದ್ರೆ ಈ ಗೇಮಲ್ಲಿ ಎಲ್ರೂ ಎಡಗಡೆಯಿಂದಲೇ ಬರ್ತಾರೆ."